ಹಿತ್ತಲ ಗಿಡವಾಗಿ ಉಳಿದ ಒಂದು ವ್ಯೂಹದಾಟ

ಚದುರಂಗವನ್ನು ಜಗತ್ತಿಗೆ ಕೊಟ್ಟ ದೇಶ ಭಾರತ. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ಯಾಡ್ಮಿಂಟನ್ ಆಟವನ್ನು ‘ಪೂನಾ’ ಎಂಬ ಹೆಸರಿನಿಂದಲೇ ಕರೆಯುತ್ತಿದ್ದ ಕಾಲವೊಂದಿತ್ತು. ಆ ಆಟದ ನಿಯಮಗಳು ರೂಪುಗೊಂಡ ಊರುಗಳಲ್ಲಿ ಪುಣೆಗೆ ಮೊದಲ ಸ್ಥಾನವಿದೆ. ಇನ್ನು ಕನ್ನಡ ನಾಡಿನ ವಿಷಯಕ್ಕೆ ಬಂದರೆ, ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ‘ಶ್ರೀತತ್ತ್ವನಿಧಿ’ಯಲ್ಲಿ ‘ಕೌತುಕನಿಧಿ’ ಎಂಬ ಒಂದು ಭಾಗವನ್ನೇ ಆಟಗಳಿಗಾಗಿ ಮೀಸಲಿಟ್ಟರು. ರಾಜ್ಯಭಾರವನ್ನು ಕಳೆದುಕೊಂಡಿದ್ದ ಅರಸರೊಬ್ಬರು ಮಣೆಯ ಮೇಲಿನ ಕಾಯಿಗಳಲ್ಲಿ ಬುದ್ಧಿಗೆ ಬೇಕಾದ ವಿಸ್ತಾರವನ್ನು ಕಂಡುಕೊಂಡರು. ಆಟವೆಂಬುದು ಕೇವಲ ಕಾಲಹರಣದ ಸಾಧನವಲ್ಲ, ಅದು ಬುದ್ಧಿಯ ಸಾಧನೆಯೂ ಹೌದು ಎಂಬ ತಿಳಿವಳಿಕೆ ಈ ನೆಲಕ್ಕೆ ಹೊಸದಲ್ಲ.

ಆದರೆ ಇಂದಿನ ಮನೆಗಳಲ್ಲಿ ಆ ತಿಳಿವಳಿಕೆ ಮಸುಕಾಗಿರುವಂತೆ ತೋರುತ್ತದೆ. ಮಗ ಗಣಕಯಂತ್ರದ ಮುಂದೆ ಕುಳಿತನೆಂದರೆ ತಾಯಿತಂದೆಗಳಿಗೆ ಆತಂಕ. ಅವನು ಯಾವ ಆಟ ಆಡುತ್ತಿದ್ದಾನೆಂದು ವಿಚಾರಿಸುವ ಸಹನೆ ಬಹುಮಂದಿಗೆ ಇಲ್ಲ. ‘ಆಟ’ ಎಂಬ ಒಂದೇ ಮಾತಿನಲ್ಲಿ ಎಲ್ಲವನ್ನೂ ಕಟ್ಟಿ ಅಟ್ಟಕ್ಕೆ ಎಸೆಯುವುದು ರೂಢಿಯಾಗಿದೆ. ಇತ್ತ ಮಕ್ಕಳಾದರೋ, ಗೆಳೆಯರೆಲ್ಲರೂ ಆಡುವುದನ್ನೇ ತಾವೂ ಆಡುತ್ತಾರೆ. ಹಿರಿಯರದು ವಿಚಾರಿಸದ ನಿರಾಕರಣೆ, ಕಿರಿಯರದು ವಿಚಾರಿಸದ ಅನುಕರಣೆ. ಇವೆರಡರ ನಡುವೆ ನಿಜವಾಗಿ ಒಳ್ಳೆಯದಾದ ಒಂದು ಆಟ ಯಾರ ಕಣ್ಣಿಗೂ ಬೀಳದೆ ಉಳಿದುಬಿಡುವುದು ಸಾಧ್ಯ. ಅಂತಹ ಒಂದು ಆಟ 2003ರಲ್ಲಿ ಹೊರಬಂದ ‘ರೈಸ್ ಆಫ್ ನೇಷನ್ಸ್’. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಇದಕ್ಕೆ ಚೆನ್ನಾಗಿ ಒಪ್ಪುತ್ತದೆ.

ಸರದಿ ಕಾಯದ ಆಟ

ಚದುರಂಗದಲ್ಲಿ ಒಬ್ಬನು ಕಾಯಿ ನಡೆಸಿದ ಮೇಲೆ ಇನ್ನೊಬ್ಬನ ಸರದಿ. ಆಲೋಚಿಸುವಷ್ಟು ಹೊತ್ತು ಎದುರಾಳಿಯ ಸೇನೆ ಕದಲದೆ ನಿಂತಿರುತ್ತದೆ. ನಿಜವಾದ ರಣರಂಗದಲ್ಲಿ ಅಂತಹ ಸೌಜನ್ಯವಿಲ್ಲ. ಈ ಕೊರತೆಯನ್ನು ತುಂಬಲು ಗಣಕಯಂತ್ರದಲ್ಲಿ ಹುಟ್ಟಿಕೊಂಡ ಪ್ರಕಾರವೇ ಸರದಿ ಕಾಯದ ವ್ಯೂಹದಾಟ. ಇದರಲ್ಲಿ ಕಾಲ ಯಾರಿಗಾಗಿಯೂ ನಿಲ್ಲುವುದಿಲ್ಲ. ಆಟಗಾರನು ರೈತರನ್ನು ಹೊಲಕ್ಕೆ ಕಳುಹಿಸುತ್ತಿರುವಾಗಲೇ ಎದುರಾಳಿಯು ಕುದುರೆಗಳನ್ನು ಸಜ್ಜುಗೊಳಿಸುತ್ತಿರುತ್ತಾನೆ. ಧಾನ್ಯ ಕೂಡಿಸಬೇಕು, ಮರ ಕಡಿಸಬೇಕು, ಕೋಟೆ ಕಟ್ಟಿಸಬೇಕು, ವಿದ್ಯೆ ಬೆಳೆಸಬೇಕು, ದಂಡು ಕಟ್ಟಬೇಕು. ಇವೆಲ್ಲವೂ ಏಕಕಾಲದಲ್ಲಿ ನಡೆಯಬೇಕು. 1992ರಲ್ಲಿ ಬಂದ ‘ಡ್ಯೂನ್ 2’ ಎಂಬ ಆಟ ಈ ಪ್ರಕಾರಕ್ಕೆ ಒಂದು ಖಚಿತವಾದ ರೂಪವನ್ನು ಕೊಟ್ಟಿತು. ಮುಂದಿನ ಹತ್ತು ವರ್ಷಗಳು ಈ ಪ್ರಕಾರದ ಸುಗ್ಗಿಯ ಕಾಲವೆಂದರೆ ಅತಿಶಯೋಕ್ತಿಯಾಗಲಾರದು.

ಆ ಸುಗ್ಗಿಯಲ್ಲಿ ಎರಡು ಹೆಸರುಗಳು ಎಲ್ಲಕ್ಕಿಂತ ಮೇಲೆ ನಿಂತವು. ಮೊದಲನೆಯದು 1998ರ ‘ಸ್ಟಾರ್‌ಕ್ರಾಫ್ಟ್’. ಮನುಷ್ಯರೂ ಅನ್ಯಲೋಕದ ಎರಡು ಜೀವಕುಲಗಳೂ ಹೋರಾಡುವ ಈ ಆಟ ದಕ್ಷಿಣ ಕೊರಿಯಾ ದೇಶದಲ್ಲಿ ಕ್ರಿಕೆಟ್ಟಿನಂತೆ ದೂರದರ್ಶನದಲ್ಲಿ ಪ್ರಸಾರವಾಯಿತು. ಅದನ್ನೇ ವೃತ್ತಿಯಾಗಿಸಿಕೊಂಡ ಆಟಗಾರರು ಹುಟ್ಟಿಕೊಂಡರು. ಎರಡನೆಯದು 1999ರ ‘ಏಜ್ ಆಫ್ ಎಂಪೈರ್ಸ್’ ಸರಣಿಯ ಎರಡನೆಯ ಆಟ. ಭಾರತದ ನಗರಗಳಲ್ಲಿ ಇಂಟರ್‌ನೆಟ್ ಕೆಫೆಗಳು ತಲೆಯೆತ್ತಿದ ದಿನಗಳಲ್ಲಿ, ಕಾಲೇಜು ವಿದ್ಯಾರ್ಥಿಗಳು ಗುಂಪುಗೂಡಿ ಆಡುತ್ತಿದ್ದ ಆಟಗಳಲ್ಲಿ ಇದೂ ಒಂದು. ಪುಣೆಯಂತಹ ವಿದ್ಯಾನಗರಿಯ ವಸತಿಗೃಹಗಳಲ್ಲಿ ಓದಿ, ಇಂದು ಹಿಂಜವಡಿಯಲ್ಲಿ ಉದ್ಯೋಗದಲ್ಲಿರುವ ಎಷ್ಟೋ ಮಂದಿಗೆ ಆ ಆಟದ ಹೆಸರು ಕೇಳಿದರೆ ಯೌವನದ ನೆನಪು ಉಕ್ಕುತ್ತದೆ.

ಇವೆರಡರ ಕೀರ್ತಿಯೂ ಹುಸಿಯಲ್ಲ; ಎರಡೂ ಶ್ರಮದಿಂದ ಕಟ್ಟಿದ ಒಳ್ಳೆಯ ಆಟಗಳೇ. ಆದರೆ ಕೀರ್ತಿಯೊಂದೇ ಯೋಗ್ಯತೆಯ ಅಳತೆಗೋಲಲ್ಲ. 2003ರ ಮೇ ತಿಂಗಳಲ್ಲಿ ‘ರೈಸ್ ಆಫ್ ನೇಷನ್ಸ್’ ಬಂದಾಗ ವಿಮರ್ಶಕರು ಅದನ್ನು ಹೊಗಳಿದರು. ಅದನ್ನು ರಚಿಸಿದ ಅಮೆರಿಕದ ‘ಬಿಗ್ ಹ್ಯೂಜ್ ಗೇಮ್ಸ್’ ಸಂಸ್ಥೆಯ ಬ್ರಯನ್ ರೆನಾಲ್ಡ್ಸ್ ಅವರು ಅದಕ್ಕೂ ಮೊದಲು 1996ರ ‘ಸಿವಿಲೈಸೇಷನ್ 2’ ಎಂಬ ಸರದಿಯ ಆಟವನ್ನು ರೂಪಿಸಿ ಹೆಸರಾಗಿದ್ದರು. ನಾಗರಿಕತೆಯೊಂದನ್ನು ಶತಮಾನಗಳುದ್ದಕ್ಕೂ ಬೆಳೆಸುವ ಆ ನಿಧಾನದ ಆಟವನ್ನು ಸರದಿ ಕಾಯದ ವೇಗದ ಆಟದೊಡನೆ ಬೆಸೆಯುವುದು ಅವರ ಉದ್ದೇಶವಾಗಿತ್ತು. ಪ್ರಾಚೀನ ಯುಗದಿಂದ ಮಾಹಿತಿ ಯುಗದವರೆಗೆ ಎಂಟು ಯುಗಗಳು, 18 ರಾಷ್ಟ್ರಗಳು, ಧಾನ್ಯ, ಮರ, ಲೋಹ, ಸಂಪತ್ತು, ಜ್ಞಾನ, ತೈಲ ಎಂಬ ಆರು ಬಗೆಯ ಸಂಪನ್ಮೂಲಗಳು ಅದರಲ್ಲಿದ್ದವು. ಜ್ಞಾನವನ್ನೂ ಧಾನ್ಯದಂತೆಯೇ ಕೂಡಿಸಬೇಕಾದ ಸಂಪತ್ತೆಂದು ಎಣಿಸಿ, ವಿಶ್ವವಿದ್ಯಾಲಯ ಕಟ್ಟಿ ವಿದ್ವಾಂಸರನ್ನು ನೇಮಿಸಿದ ಹೊರತು ರಾಷ್ಟ್ರ ಮುಂದುವರಿಯದೆಂದು ಹೇಳಿದ ಯುದ್ಧದಾಟವಿದು. ಇಷ್ಟಿದ್ದೂ ಇಂದು ಹತ್ತು ಮಂದಿ ಆಟಗಾರರನ್ನು ಕೇಳಿದರೆ ಒಂಬತ್ತು ಮಂದಿ ಬೇರೆ ಆಟಗಳನ್ನೇ ಹೆಸರಿಸಿಯಾರು.

ಗಡಿ ಮತ್ತು ಬಂಡಿ

ಈ ಆಟವನ್ನು ಎದುರಾಳಿಗಳಿಂದ ಬೇರ್ಪಡಿಸುವ ಮುಖ್ಯ ಗುಣಗಳು ಎರಡು. ಮೊದಲನೆಯದು ಗಡಿ. ಕೀರ್ತಿವಂತ ಆಟಗಳಲ್ಲಿ ಭೂಮಿ ಯಾರಿಗೂ ಸೇರಿದ್ದಲ್ಲ. ಕಟ್ಟಡವಿರುವಲ್ಲಿ ಕಟ್ಟಡ, ಉಳಿದದ್ದೆಲ್ಲ ಬಯಲು. ‘ರೈಸ್ ಆಫ್ ನೇಷನ್ಸ್’ನಲ್ಲಿ ಪ್ರತಿ ರಾಷ್ಟ್ರಕ್ಕೂ ನಕ್ಷೆಯ ಮೇಲೆ ಎಳೆದ ಗಡಿರೇಖೆಯಿದೆ. ಊರುಗಳನ್ನು ಕಟ್ಟಿದಂತೆ, ಕೋಟೆ ಏಳಿಸಿದಂತೆ, ದೇವಾಲಯಗಳನ್ನು ನಿರ್ಮಿಸಿದಂತೆ, ನಾಗರಿಕ ವಿದ್ಯೆಯನ್ನು ಬೆಳೆಸಿದಂತೆ ಆ ಗಡಿ ಹಿಗ್ಗುತ್ತದೆ. ಎರಡನೆಯದು ಸವೆತ. ಶತ್ರುವಿನ ಗಡಿಯೊಳಗೆ ಕಾಲಿಟ್ಟ ಸೈನ್ಯ, ಒಂದು ಬಾಣವೂ ತಾಗದಿದ್ದರೂ, ಕ್ಷಣಕ್ಷಣಕ್ಕೂ ಬಲಗುಂದುತ್ತ ಹೋಗುವಂತೆ ರಕ್ಷಕನು ಏರ್ಪಾಡು ಮಾಡಬಹುದು. ಇದಕ್ಕಿರುವ ಪರಿಹಾರ ಒಂದೇ: ಸೈನ್ಯದ ಜೊತೆಯಲ್ಲಿ ಸಾಮಗ್ರಿಯ ಬಂಡಿಯನ್ನು ಕರೆದೊಯ್ಯಬೇಕು. ಬಂಡಿ ಉಳಿದರೆ ದಂಡು ಉಳಿಯಿತು. ಬಂಡಿ ಮುರಿದರೆ ಎಂತಹ ಮಹಾಸೇನೆಯೂ ಕರಗಿಹೋಯಿತು.

ಇದು ಆಟ ರಚಿಸಿದವರ ಚಮತ್ಕಾರವೆಂದು ಬೇರೆ ಊರಿನವರು ಭಾವಿಸಿಯಾರು. ಪುಣೆಯಲ್ಲಿ ನೆಲೆಸಿದವರಿಗೆ ಇದು ಚರಿತ್ರೆಯ ಪಾಠವೆಂದು ಬಿಡಿಸಿ ಹೇಳಬೇಕಾಗಿಲ್ಲ. ಔರಂಗಜೇಬನು ದಕ್ಷಿಣವನ್ನು ಗೆಲ್ಲುವ ಹಟದಿಂದ ದಂಡೆತ್ತಿ ಬಂದವನು 1707ರಲ್ಲಿ ಇಲ್ಲಿಯೇ ಮಡಿದನು. 1686ರಲ್ಲಿ ವಿಜಾಪುರವೂ 1687ರಲ್ಲಿ ಗೋಲ್ಕೊಂಡವೂ ಅವನ ಕೈಸೇರಿದವು. ಆದರೆ ಮುಂದಿನ ಇಪ್ಪತ್ತು ವರ್ಷಗಳಲ್ಲಿ ಮರಾಠರ ‘ಗನಿಮಿ ಕಾವಾ’ ಅವನ ಅಪಾರ ಸೇನೆಯನ್ನು ಸವೆಸಿಹಾಕಿತು. ಬಯಲಿನಲ್ಲಿ ಎದುರು ನಿಂತು ಹೋರಾಡುವ ಬದಲು ಸರಬರಾಜನ್ನು ಕತ್ತರಿಸುವುದೇ ಆ ಯುದ್ಧಕ್ರಮದ ತಿರುಳು. 1689ರಲ್ಲಿ ಜಿಂಜಿಯ ಕಡೆಗೆ ಹೊರಟಿದ್ದ ಛತ್ರಪತಿ ರಾಜಾರಾಮನಿಗೆ ಆಶ್ರಯವಿತ್ತ ಕೆಳದಿಯ ಚೆನ್ನಮ್ಮನನ್ನು ಮರಾಠಿಗರೂ ಕನ್ನಡಿಗರೂ ಸಮಾನವಾಗಿ ನೆನೆಯುತ್ತಾರೆ. ಮಲೆನಾಡಿನ ಕಾಡು ಕಣಿವೆಗಳಲ್ಲಿ ಮೊಗಲರ ದಂಡು ಪಟ್ಟ ಪಾಡು ಕನ್ನಡ ಶಾಲೆಯ ಮಕ್ಕಳಿಗೂ ಪರಿಚಿತವಾದ ಕಥೆ. ನೆಲವೇ ಕಾದಾಡಿತು ಎಂದರೆ ಅದು ಬರಿಯ ಅಲಂಕಾರದ ಮಾತಲ್ಲ.

ಇದೇ ಪಾಠದ ಇನ್ನೊಂದು ಮುಖ ಪಾಣಿಪತ್ತಿನದು. 1760ರಲ್ಲಿ ದಖ್ಖನಿನಿಂದ ಹೊರಟ ಸದಾಶಿವರಾವ್ ಭಾವುವಿನ ಸೇನೆಯಲ್ಲಿ ಶೌರ್ಯಕ್ಕೆ ಕೊರತೆಯಿರಲಿಲ್ಲ, ತೋಪುಗಳಿಗೂ ಕೊರತೆಯಿರಲಿಲ್ಲ. ಕೊರತೆಯಾದದ್ದು ಅನ್ನಕ್ಕೆ. ಯಾತ್ರಿಕರೂ ಪರಿವಾರದವರೂ ತುಂಬಿದ್ದ ಆ ದಂಡಿನ ಸರಬರಾಜಿನ ದಾರಿಗಳನ್ನು ಅಬ್ದಾಲಿಯು ಮುಚ್ಚಿದನು. 1761ರ ಜನವರಿ 14ರಂದು ಹಸಿದ ಸೈನಿಕರು ಯುದ್ಧಕ್ಕೆ ನಿಂತರು. ಪುಣೆಯ ಎಷ್ಟು ಮನೆಗಳ ದೀಪ ಅಂದು ಆರಿತೋ ಅದರ ನೋವು ಮರಾಠಿ ಭಾಷೆಯ ನುಡಿಗಟ್ಟಿನಲ್ಲಿಯೇ ಸೇರಿಹೋಗಿದೆ. ದೊಡ್ಡ ಅನಾಹುತಕ್ಕೆ ‘ಪಾನಿಪತ್ ಆಯಿತು’ ಎಂದೇ ಅಲ್ಲಿ ಹೇಳುವುದು.

ಮೂವತ್ತು ವರ್ಷಗಳ ನಂತರ ಈ ಪಾಠ ಕನ್ನಡ ನಾಡಿನಲ್ಲಿ ಮರುಕಳಿಸಿತು. 1791ರ ಮೇ ತಿಂಗಳಲ್ಲಿ ಲಾರ್ಡ್ ಕಾರ್ನ್‌ವಾಲಿಸನು ಶ್ರೀರಂಗಪಟ್ಟಣದ ಹತ್ತಿರದವರೆಗೆ ಬಂದು, ಅರಕೆರೆಯ ಬಳಿ ಕಾಳಗವನ್ನು ಗೆದ್ದೂ, ಹಿಂದಿರುಗಬೇಕಾಯಿತು. ಎತ್ತುಗಳು ಸತ್ತಿದ್ದವು, ಧಾನ್ಯ ಮುಗಿದಿತ್ತು. ಕೋಟೆ ಒಡೆಯಲೆಂದು ಎಳೆದು ತಂದಿದ್ದ ದೊಡ್ಡ ತೋಪುಗಳನ್ನು ಅವನು ತನ್ನ ಕೈಯಾರ ನಾಶಮಾಡಿಸಿದನು. ಹಿಂದಿರುಗುವ ದಾರಿಯಲ್ಲಿ ಎದುರಾದದ್ದು ಪುಣೆಯ ಪೇಶ್ವೆಯ ಪರವಾಗಿ ಬಂದಿದ್ದ ಹರಿಪಂತ ಫಡ್ಕೆ ಮತ್ತು ಪರಶುರಾಮ ಭಾವು ಪಟವರ್ಧನರ ಸೇನೆ. ಅವರ ಬಿಡಾರದ ಬಜಾರಿನಲ್ಲಿ ಧಾನ್ಯ ಧಾರಾಳವಾಗಿತ್ತು! ಕೆಲವು ದಿನ ಮೊದಲು ಈ ಎರಡು ದಂಡುಗಳು ಕೂಡಿದ್ದರೆ ಚರಿತ್ರೆಯ ದಾರಿ ಬೇರೆಯಾಗುತ್ತಿತ್ತೇನೋ. ಮುಂದೆ 1792ರಲ್ಲಿ ಸರಬರಾಜನ್ನು ಭದ್ರಪಡಿಸಿಕೊಂಡು ಬಂದ ಕಾರ್ನ್‌ವಾಲಿಸನು ಟೀಪುವಿನಿಂದ ಒಪ್ಪಂದಕ್ಕೆ ಸಹಿ ಪಡೆದನು. ಕತ್ತಿಗಿಂತ ಗಾಡಿಯ ಗಾಲಿ ದೊಡ್ಡದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

‘ಏಜ್ ಆಫ್ ಎಂಪೈರ್ಸ್’ನ ಎರಡನೆಯ ಆಟದಲ್ಲಿ ನೂರು ಕುದುರೆಗಳು ನಕ್ಷೆಯ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ನೀರು ಮೇವುಗಳ ಹಂಗಿಲ್ಲದೆ ಓಡುತ್ತವೆ, ಶತ್ರುವಿನ ಊರಿನ ಹೊರಗೆ ಎಷ್ಟು ಹೊತ್ತಾದರೂ ಬಳಲದೆ ನಿಲ್ಲುತ್ತವೆ. ಆ ಆಟವಾಡಿದ ಹುಡುಗನಿಗೆ ಪಾಣಿಪತ್ತಿನ ದುರಂತ ಏಕಾಯಿತೆಂದು ಎಂದಿಗೂ ಅರ್ಥವಾಗದು. ಬಂಡಿಯನ್ನು ಕಾಯಲು ಮರೆತು ‘ರೈಸ್ ಆಫ್ ನೇಷನ್ಸ್’ನಲ್ಲಿ ಒಮ್ಮೆ ಸೋತ ಹುಡುಗನಿಗಾದರೋ ಅದನ್ನು ಎರಡು ಮಾತಿನಲ್ಲಿ ತಿಳಿಸಬಹುದು. ಈ ಒಂದು ಕಾರಣಕ್ಕಾದರೂ ಈ ಆಟವನ್ನು ಎದುರಾಳಿಗಳಿಗಿಂತ ಮೇಲೆ ಇರಿಸುವುದು ನ್ಯಾಯ.

ಬೆರಳೋ, ಬುದ್ಧಿಯೋ?

ಇನ್ನು ಆರೋಗ್ಯದ ದೃಷ್ಟಿಯಿಂದಲೂ ಒಂದು ಮಾತು. ‘ಸ್ಟಾರ್‌ಕ್ರಾಫ್ಟ್’ನ ವೃತ್ತಿಪರ ಆಟಗಾರರು ನಿಮಿಷಕ್ಕೆ 300ಕ್ಕೂ ಹೆಚ್ಚು ಸಲ ಕೀಲಿಯನ್ನೋ ಮೌಸನ್ನೋ ಒತ್ತುತ್ತಾರೆ. ಅವರ ಕೌಶಲ ಬೆರಗು ಹುಟ್ಟಿಸುವಂತಹುದೇ. ಆದರೆ ಒಂದೇ ಚಲನೆಯನ್ನು ಸಾವಿರಾರು ಸಲ ಪುನರಾವರ್ತಿಸಿದರೆ ಮಣಿಕಟ್ಟಿನ ಸ್ನಾಯುರಜ್ಜುಗಳು ಊದಿಕೊಳ್ಳುವುದು, ಅಲ್ಲಿ ಹಾದುಹೋಗುವ ನರ ಅದುಮಿಹೋಗಿ ಬೆರಳುಗಳು ಜೋಮುಹಿಡಿಯುವುದು ವೈದ್ಯರಿಗೆ ಗೊತ್ತಿರುವ ಸಂಗತಿ. ಈ ತೊಂದರೆಯಿಂದ ಆಟವನ್ನೇ ಬಿಡಬೇಕಾದ ವೃತ್ತಿಪರರೂ ಇದ್ದಾರೆ. ಆಲೋಚನೆಯಲ್ಲಿ ಮುಂದಿದ್ದರೂ ಬೆರಳಿನ ವೇಗ ಸಾಲದ ಹುಡುಗಿಯೋ ಹಿರಿಯರೋ ಅಂತಹ ಆಟದಲ್ಲಿ ಬೇಗನೆ ಸೋತು ಕೈಬಿಡುತ್ತಾರೆ.

‘ರೈಸ್ ಆಫ್ ನೇಷನ್ಸ್’ ಈ ಭಾರವನ್ನು ತಕ್ಕಮಟ್ಟಿಗೆ ಇಳಿಸಿದೆ. ಕೆಲಸವಿಲ್ಲದೆ ನಿಂತ ಪ್ರಜೆಯು ಸ್ವಲ್ಪ ಹೊತ್ತಿನ ನಂತರ ತಾನಾಗಿಯೇ ಕೆಲಸ ಹುಡುಕಿಕೊಳ್ಳುತ್ತಾನೆ. ಊರಿಂದೂರಿಗೆ ವ್ಯಾಪಾರದ ಗಾಡಿಗಳು ತಾವಾಗಿಯೇ ಸಂಚರಿಸುತ್ತವೆ. ಹೊಲದ ಧಾನ್ಯವನ್ನು ಹೊತ್ತು ತಂದು ಸುರಿಯಬೇಕಾಗಿಲ್ಲ. ಒಬ್ಬನೇ ಆಡುವಾಗ ಆಟವನ್ನು ನಿಲ್ಲಿಸಿ, ಆಲೋಚಿಸಿ, ಅಪ್ಪಣೆಗಳನ್ನು ಕೊಟ್ಟು ಮುಂದುವರಿಸಲು ಅನುಕೂಲವಿದೆ; ವೇಗವನ್ನು ಇಳಿಸಿಕೊಳ್ಳಲೂಬಹುದು. ಒಂದೇ ಬಗೆಯ ಸೈನಿಕರನ್ನು ಹೆಚ್ಚು ಹೆಚ್ಚು ಕೂಡಿಸಿದಂತೆ ಪ್ರತಿಯೊಬ್ಬನ ಬೆಲೆಯೂ ಏರುತ್ತ ಹೋಗುವುದರಿಂದ, ಒಂದು ತಂತ್ರವನ್ನು ಬಾಯಿಪಾಠ ಮಾಡಿ ಗೆಲ್ಲುವುದು ಕಷ್ಟ. ಸಂದರ್ಭಕ್ಕೆ ತಕ್ಕಂತೆ ಯೋಚಿಸಲೇಬೇಕು.

ಗದಗ ಸೀಮೆಯಲ್ಲಿ ಹುಟ್ಟಿ ಪುಣೆಯನ್ನು ಮನೆಯಾಗಿಸಿಕೊಂಡ ಪಂಡಿತ ಭೀಮಸೇನ ಜೋಶಿಯವರ ಗಾಯನವನ್ನು ಕೇಳಿದವರಿಗೆ ಈ ವ್ಯತ್ಯಾಸ ಸುಲಭವಾಗಿ ಹೊಳೆಯುತ್ತದೆ. ದ್ರುತದ ತಾನುಗಳು ಸಭೆಯಲ್ಲಿ ಚಪ್ಪಾಳೆ ಗಿಟ್ಟಿಸುತ್ತವೆ. ಆದರೆ ರಾಗ ಕಟ್ಟುವ ಕೆಲಸ ನಡೆಯುವುದು ಅದಕ್ಕೂ ಮೊದಲು, ವಿಲಂಬಿತದಲ್ಲಿ. ವಿಲಂಬಿತವನ್ನು ಕೇಳುವ ತಾಳ್ಮೆ ಬಂದವನಿಗೆ ದ್ರುತದ ಬೆಲೆಯೂ ಹೆಚ್ಚು ಚೆನ್ನಾಗಿ ತಿಳಿಯುತ್ತದೆ.

ಇಷ್ಟು ಹೇಳಿದ ಮಾತ್ರಕ್ಕೆ ಈ ಆಟದಿಂದ ಯಾವ ಅಪಾಯವೂ ಇಲ್ಲವೆಂದು ತಿಳಿಯಬಾರದು. ಅಮೃತವೂ ಅತಿಯಾದರೆ ವಿಷ. ವಿಶ್ವ ಆರೋಗ್ಯ ಸಂಸ್ಥೆಯು ಗಣಕದಾಟದ ಗೀಳನ್ನು ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣದ ಹನ್ನೊಂದನೆಯ ಆವೃತ್ತಿಯಲ್ಲಿ ಸೇರಿಸಿದೆ. ಅದು 2022ರ ಜನವರಿಯಿಂದ ಜಾರಿಗೆ ಬಂದಿದೆ. ಆಟದ ಮೇಲೆ ಹಿಡಿತ ತಪ್ಪುವುದು, ಊಟ ನಿದ್ರೆ ಓದುಗಳಿಗಿಂತ ಅದೇ ಮೇಲಾಗುವುದು, ಕೇಡು ಕಣ್ಣಿಗೆ ಕಂಡರೂ ಬಿಡಲಾಗದಿರುವುದು ಅದರ ಲಕ್ಷಣಗಳು. ಸಾಮಾನ್ಯವಾಗಿ ಒಂದು ವರ್ಷದಷ್ಟು ಕಾಲ ಇವು ಮುಂದುವರಿದಲ್ಲಿ ಮಾತ್ರ ಅದನ್ನು ಕಾಯಿಲೆಯೆಂದು ಎಣಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಇಂತಹವರಿಗಾಗಿಯೇ 2014ರಲ್ಲಿ ಪ್ರತ್ಯೇಕವಾದ ಚಿಕಿತ್ಸಾಲಯವನ್ನು ತೆರೆಯಿತು. ಆದಕಾರಣ ಆಟ ಎಷ್ಟೇ ಉತ್ತಮವಾಗಿದ್ದರೂ ಹೊತ್ತಿಗೊಂದು ಕಟ್ಟಳೆ ಇರಬೇಕು. ಇಪ್ಪತ್ತು ನಿಮಿಷಕ್ಕೊಮ್ಮೆ ಕಣ್ಣುಗಳನ್ನು ತೆರೆಯಿಂದ ಕಿತ್ತು ದೂರದ ಮರವನ್ನೋ ಬೆಟ್ಟವನ್ನೋ ನೋಡಬೇಕು. ಮಣಿಕಟ್ಟು ಮೇಜಿನ ಅಂಚಿಗೆ ಒತ್ತದಂತೆ ಕುಳಿತುಕೊಳ್ಳಬೇಕು. ಮಲಗುವುದಕ್ಕೆ ಒಂದು ಗಂಟೆ ಮೊದಲೇ ಯಂತ್ರವನ್ನು ಆರಿಸಬೇಕು. ಸಂಜೆಯ ಹೊತ್ತು ಬಯಲಿನಲ್ಲಿ ಓಡಾಡಬೇಕು. ಹೊರಗಿನ ಬೆಳಕಿನಲ್ಲಿ ಹೆಚ್ಚು ಹೊತ್ತು ಕಳೆಯುವ ಮಕ್ಕಳಲ್ಲಿ ಸಮೀಪದೃಷ್ಟಿಯ ದೋಷ ಕಡಿಮೆಯೆಂದು ನೇತ್ರವೈದ್ಯರು ಒತ್ತಿ ಹೇಳುತ್ತಾರೆ. ಪರ್ವತಿಯ ಮೆಟ್ಟಿಲುಗಳು ಪುಣೆಯವರಿಗೆ ಹತ್ತಿರದಲ್ಲಿಯೇ ಇವೆ.

ಪ್ರಳಯದ ಗಡಿಯಾರ

ಯುದ್ಧದಾಟಗಳು ಮಕ್ಕಳಲ್ಲಿ ಹಿಂಸೆಯನ್ನು ಬೆಳೆಸುವುದಿಲ್ಲವೇ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೆ ಈ ವಿಷಯದಲ್ಲಿಯೂ ‘ರೈಸ್ ಆಫ್ ನೇಷನ್ಸ್’ ತನ್ನ ಎದುರಾಳಿಗಳಿಗಿಂತ ಭಿನ್ನ. ಇತರ ಆಟಗಳಲ್ಲಿ ಶತ್ರುವಿನ ಊರನ್ನು ಸುಟ್ಟು ನೆಲಸಮ ಮಾಡುವುದೇ ಜಯ. ಇಲ್ಲಿ ಊರು ನಾಶವಾಗುವುದಿಲ್ಲ, ವಶವಾಗುತ್ತದೆ. ಅದನ್ನು ಕಾಯಿಸಿ ತನ್ನದಾಗಿಸಿಕೊಳ್ಳಲು ಗೆದ್ದವನಿಗೂ ಸಮಯ ಹಿಡಿಯುತ್ತದೆ. ಕೊನೆಯ ಯುಗಗಳಲ್ಲಿ ಅಣ್ವಸ್ತ್ರಗಳು ದೊರೆಯುತ್ತವೆ. ಆದರೆ ಅವುಗಳ ಜೊತೆಯಲ್ಲಿ ಒಂದು ಪ್ರಳಯದ ಗಡಿಯಾರವೂ ಇದೆ. ಯಾರೇ ಒಂದು ಅಣ್ವಸ್ತ್ರವನ್ನು ಪ್ರಯೋಗಿಸಲಿ, ಆ ಗಡಿಯಾರದ ಎಣಿಕೆ ಒಂದು ಕಡಿಮೆಯಾಗುತ್ತದೆ. ಎಣಿಕೆ ಸೊನ್ನೆಗೆ ಇಳಿದರೆ ಆಟ ಮುಗಿಯಿತು. ಆಗ ಸೋಲು ಎಲ್ಲರದೂ. ಹೊಡೆದವನೂ ಸೋತ, ಹೊಡೆಸಿಕೊಂಡವನೂ ಸೋತ, ಮೂಲೆಯಲ್ಲಿ ತನ್ನ ಪಾಡಿಗೆ ತಾನಿದ್ದವನೂ ಸೋತ. ಅಣ್ವಸ್ತ್ರಗಳ ವಿಷಯವಾಗಿ ಉದ್ದುದ್ದ ಭಾಷಣಗಳು ಹೇಳಲಾರದ ಸತ್ಯವನ್ನು ಈ ನಿಯಮ ಹದಿನೈದು ವರ್ಷದ ಹುಡುಗನಿಗೆ ಒಂದೇ ಸಂಜೆಯಲ್ಲಿ ಮನಗಾಣಿಸುತ್ತದೆ.

ಕೀರ್ತಿ ಏಕೆ ಒಲಿಯಲಿಲ್ಲ?

ಇಷ್ಟು ಗುಣಗಳಿರುವ ಆಟ ಹಿಂದುಳಿದದ್ದೇಕೆ ಎಂಬ ಪ್ರಶ್ನೆ ಸಹಜ. ಮೊದಲನೆಯ ಕಾರಣ ಪೋಷಣೆಯ ಅಭಾವ. ‘ಏಜ್ ಆಫ್ ಎಂಪೈರ್ಸ್’ನ ಎರಡನೆಯ ಆಟವನ್ನು ಅದರ ಒಡೆಯರು 2013ರಲ್ಲಿಯೂ 2019ರಲ್ಲಿಯೂ ಹೊಸ ಉಡುಪು ತೊಡಿಸಿ ಹೊರತಂದರು, ಹೊಸ ನಾಡುಗಳನ್ನು ಸೇರಿಸುತ್ತ ಬಂದರು. ‘ರೈಸ್ ಆಫ್ ನೇಷನ್ಸ್’ 2014ರಲ್ಲಿ ಮತ್ತೊಮ್ಮೆ ಹೊರಬಂದರೂ ಹೊಸದಾಗಿ ಒಂದು ರಾಷ್ಟ್ರವೂ ಅದಕ್ಕೆ ಸೇರಲಿಲ್ಲ. ಅದನ್ನು ಹೆತ್ತ ಸಂಸ್ಥೆ ಕೈಯಿಂದ ಕೈಗೆ ಮಾರಾಟವಾಗಿ 2012ರಲ್ಲಿ ಬಾಗಿಲು ಮುಚ್ಚಿತ್ತು. ತಾಯಿಯಿಲ್ಲದ ಕೂಸಿಗೆ ಎಣ್ಣೆ ನೀರು ಹಾಕುವವರು ಯಾರು?

ಎರಡನೆಯ ಕಾರಣ ನೋಟದ ಸುಲಭತೆ. ಇಬ್ಬರ ಸೈನ್ಯಗಳು ಎದುರಾಗಿ ಹೊಡೆದಾಡುವುದನ್ನು ನೋಡಿ ಆನಂದಿಸಲು ಆಟದ ಜ್ಞಾನ ಬೇಕಾಗಿಲ್ಲ. ಬಂಡಿ ಮುರಿದು ದಂಡು ಕರಗುವುದನ್ನು ಮೆಚ್ಚಲು ತಿಳಿವಳಿಕೆ ಬೇಕು. ನೋಡುಗರ ಗುಂಪು ಹೆಚ್ಚಿದಲ್ಲಿಗೆ ಹಣ ಹರಿಯುತ್ತದೆ. ಹಣ ಹರಿದಲ್ಲಿಗೆ ಆಟಗಾರರು ಹೋಗುತ್ತಾರೆ. ಮೂರನೆಯ ಕಾರಣ ಕಾಲದ್ದು. 2003ರ ಹೊತ್ತಿಗೆ ಈ ಪ್ರಕಾರದ ಆಟಗಳು ಮಾರುಕಟ್ಟೆಯಲ್ಲಿ ಕಿಕ್ಕಿರಿದಿದ್ದವು. ಜಾತ್ರೆ ಮುಗಿಯುವ ಹೊತ್ತಿಗೆ ಅಂಗಡಿ ಹಾಕಿದವನ ಸರಕು ಎಷ್ಟು ಒಳ್ಳೆಯದಾದರೇನು?

ಆಟದ ಕೊರತೆಗಳನ್ನೂ ಮರೆಮಾಚಬೇಕಾಗಿಲ್ಲ. ಎಂಟು ಯುಗಗಳನ್ನು ಒಂದೇ ಕುಳಿತದಲ್ಲಿ ದಾಟಿಸುವ ಅವಸರದಲ್ಲಿ ಯಾವ ಯುಗದ ಸೊಬಗೂ ಮನಸ್ಸಿನಲ್ಲಿ ನೆಲೆನಿಲ್ಲುವುದಿಲ್ಲ. ಮೊದಲಿನ 18 ರಾಷ್ಟ್ರಗಳಲ್ಲಿ ಭಾರತವಿರಲಿಲ್ಲ. ತಾಜಮಹಲು ಇತ್ತು, ಭಾರತೀಯರಿರಲಿಲ್ಲ! 2004ರ ವಿಸ್ತರಣೆಯಲ್ಲಿ ಭಾರತೀಯರು ಸೇರಿದರೂ ಇಡೀ ದೇಶಕ್ಕೆ ಒಂದೇ ಹೆಸರು, ಒಂದೇ ರೂಪ. ಬಾದಾಮಿಯ ಚಾಲುಕ್ಯರೂ ಪುಣೆಯ ಪೇಶ್ವೆಗಳೂ ವಿಜಯನಗರದ ಅರಸರೂ ಒಂದೇ ಹೊದಿಕೆಯಡಿಯಲ್ಲಿ ಅಡಗಿಹೋಗಿದ್ದಾರೆ. ‘ಏಜ್ ಆಫ್ ಎಂಪೈರ್ಸ್’ನ ಎರಡನೆಯ ಆಟಕ್ಕೆ ಭಾರತೀಯರು ಬಂದದ್ದು ಇನ್ನೂ ತಡವಾಗಿ, 2013ರಲ್ಲಿ. ಆದರೆ 2022ರಲ್ಲಿ ಅದು ತನ್ನ ತಪ್ಪನ್ನು ತಿದ್ದಿಕೊಂಡು, ಒಂದೇ ಇದ್ದುದನ್ನು ಹಿಂದೂಸ್ಥಾನಿ, ದ್ರಾವಿಡ, ಬಂಗಾಳಿ, ಗುರ್ಜರ ಎಂದು ವಿಂಗಡಿಸಿತು. ಈ ಒಂದು ವಿಷಯದಲ್ಲಿ ಎದುರಾಳಿಯ ಕೈ ಮೇಲೆಂದು ಒಪ್ಪಲೇಬೇಕು. ಜೊತೆಗಾರರ ಮಾತೂ ಹಾಗೆಯೇ. ಕೀರ್ತಿವಂತ ಆಟಕ್ಕೆ ಯಾವ ಹೊತ್ತಿನಲ್ಲಿಯೂ ಎದುರಾಳಿಗಳು ಸಿಗುತ್ತಾರೆ; ಇದಕ್ಕೆ ಗೆಳೆಯರನ್ನು ಕರೆದುಕೊಂಡೇ ಬರಬೇಕು. ಆದರೆ ಮನೆಯ ಮಂದಿಯೇ ಜೊತೆಗಾರರಾದರೆ ಈ ಕೊರತೆ ವರವಾಗಿ ಮಾರ್ಪಡಬಹುದು.

ಹಿರಿಯರ ಹೊಣೆ

ಹಿಂದೆ ಧಾರವಾಡದ ಕಡೆಯಿಂದಲೋ ಕಾರವಾರದ ಕಡೆಯಿಂದಲೋ ಪುಣೆಗೆ ಬಂದ ಕುಟುಂಬಗಳಲ್ಲಿ ಅಜ್ಜಿಯ ಪೆಟ್ಟಿಗೆಯೊಳಗೆ ಅಳಗುಳಿಮಣೆಯೊಂದು ಇರುತ್ತಿತ್ತು. ಮಳೆಗಾಲದ ಮಧ್ಯಾಹ್ನಗಳಲ್ಲಿ ಹುಣಿಸೆಬೀಜಗಳನ್ನು ಎಣಿಸುತ್ತ ಮೊಮ್ಮಕ್ಕಳು ಕೂಡುವುದನ್ನೂ ಕಳೆಯುವುದನ್ನೂ ಕಲಿತರು; ಕನ್ನಡದ ಮಾತನ್ನೂ ಕಲಿತರು. ಹುಲಿಕುರಿಯಾಟದಲ್ಲಿ ದುರ್ಬಲವಾದ ಕುರಿಗಳು ಒಂದಾಗಿ ಹುಲಿಯನ್ನು ಕಟ್ಟಿಹಾಕಬಲ್ಲವೆಂಬುದನ್ನು ಕಂಡುಕೊಂಡರು. ಆ ಮಣೆಗಳಿಗೆ ಬೆಲೆ ಬಂದದ್ದು ಅವುಗಳ ಮರದಿಂದಲ್ಲ, ಎದುರಿಗೆ ಕುಳಿತು ಆಡುತ್ತಿದ್ದ ಹಿರಿಯರಿಂದ.

ಇಂದು ಮೊಮ್ಮಗನು ತೆರೆಯ ಮುಂದೆ ಒಬ್ಬನೇ ಕುಳಿತಿದ್ದರೆ ಅದರ ಅರ್ಧ ದೋಷ ತೆರೆಯದು, ಇನ್ನರ್ಧ ದೋಷ ಖಾಲಿಬಿಟ್ಟ ಪಕ್ಕದ ಕುರ್ಚಿಯದು. ಮರಾಠಿಯಲ್ಲಿ ಗೆಳೆಯರೊಡನೆ, ಇಂಗ್ಲಿಷಿನಲ್ಲಿ ಶಾಲೆಯೊಡನೆ ಮಾತನಾಡುವ ಆ ಹುಡುಗನಿಗೆ ಕನ್ನಡದಲ್ಲಿ ಮಾತನಾಡಲು ಒಂದು ವಿಷಯ ಬೇಕು. ‘ನಿನ್ನ ಬಂಡಿ ಎಲ್ಲಿ ಬಿಟ್ಟೆಯಪ್ಪಾ? ಅದಿಲ್ಲದ್ದಕ್ಕೇ ನಿನ್ನ ದಂಡು ಕರಗಿತಲ್ಲ!’ ಎಂದು ಅಜ್ಜನು ಕೇಳಿದರೆ, ‘ಅಜ್ಜಾ, ನಿನಗೆ ಇದೆಲ್ಲಾ ಹೇಗೆ ಗೊತ್ತು?’ ಎಂದು ಅವನು ತಿರುಗಿ ನೋಡುತ್ತಾನೆ. ಪಾಣಿಪತ್ತಿನ ಕಥೆಗೂ ಶ್ರೀರಂಗಪಟ್ಟಣದ ಕಥೆಗೂ ಕೆಳದಿಯ ಚೆನ್ನಮ್ಮನ ಕಥೆಗೂ ಅದಕ್ಕಿಂತ ಒಳ್ಳೆಯ ಪೀಠಿಕೆ ದೊರೆಯಲಾರದು. ಮರುದಿನ ಭಾನುವಾರವಾಗಿದ್ದರೆ ಇಬ್ಬರೂ ಶನಿವಾರವಾಡೆಯ ದಿಡ್ಡಿ ಬಾಗಿಲಿನವರೆಗೆ ನಡೆದುಹೋಗಿ ಬರಬಹುದು. ಕಣ್ಣಿಗೂ ಕಾಲಿಗೂ ಅದರಿಂದ ಹಿತವೇ.

ಪುಣೆಯ ತರುಣರು ಈಗ ಆಟವಾಡುವವರಾಗಿ ಮಾತ್ರ ಉಳಿದಿಲ್ಲ, ಆಟ ಕಟ್ಟುವವರೂ ಆಗಿದ್ದಾರೆ. ಭಾರತೀಯ ಪುರಾಣಲೋಕವನ್ನು ಆಧರಿಸಿ 2020ರಲ್ಲಿ ಹೊರಬಂದು ದೇಶವಿದೇಶಗಳಲ್ಲಿ ಗಮನ ಸೆಳೆದ ‘ರಾಜಿ’ ಎಂಬ ಸಾಹಸದ ಆಟವನ್ನು ನಿರ್ಮಿಸಿದ್ದು ಪುಣೆಯ ‘ನಾಡಿಂಗ್ ಹೆಡ್ಸ್’ ಎಂಬ ಸಣ್ಣ ಸಂಸ್ಥೆ. ದಖ್ಖನಿನ ಗಡಿಗಳನ್ನೂ ಘಟ್ಟಗಳನ್ನೂ ಮಳೆಗಾಲವನ್ನೂ ಲಂಬಾಣಿಗಳ ಧಾನ್ಯದ ಎತ್ತುಗಳನ್ನೂ ಬಲ್ಲ ವ್ಯೂಹದಾಟವೊಂದು ಇದೇ ಊರಿನಲ್ಲಿ ಮುಂದೊಮ್ಮೆ ಹುಟ್ಟಬಾರದೆಂದೇನೂ ಇಲ್ಲ. ಅಂತಹ ಆಟವನ್ನು ಕಟ್ಟುವವನು ಯಾರ ಬಳಿ ಪಾಠ ಕಲಿಯಬೇಕು? ಚಪ್ಪಾಳೆ ಹೆಚ್ಚು ಬಿದ್ದ ಆಟದ ಬಳಿಯಲ್ಲ. ನೆಲಕ್ಕೂ ಅನ್ನಕ್ಕೂ ಬೆಲೆ ಕೊಟ್ಟ ಆಟದ ಬಳಿ.

ಜನಪ್ರಿಯವಾದುದೆಲ್ಲ ಕೆಟ್ಟದ್ದೆಂದಾಗಲಿ, ಮೂಲೆಗುಂಪಾದುದೆಲ್ಲ ಶ್ರೇಷ್ಠವೆಂದಾಗಲಿ ವಾದಿಸುವುದು ವಿವೇಕವಲ್ಲ. ಯಾವುದನ್ನೇ ಆಗಲಿ ಹತ್ತಿರ ಹೋಗಿ ನೋಡಿ ತೂಗಬೇಕೆಂಬುದಷ್ಟೇ ಇಲ್ಲಿಯ ಮಾತಿನ ಸಾರ. ಹಿತ್ತಲ ಗಿಡ ಮದ್ದಲ್ಲವೆಂದು ಗಾದೆ ಹೇಳುವುದು ಗಿಡದ ದೋಷವನ್ನಲ್ಲ, ನೋಡುವವನ ದೋಷವನ್ನು. ಈ ಸಲದ ಬೇಸಿಗೆ ರಜೆಯಲ್ಲಿ ಮಕ್ಕಳು ಯಂತ್ರದ ಮುಂದೆ ಕುಳಿತಾಗ, ಗದರುವ ಮೊದಲು ಒಂದು ಕುರ್ಚಿಯನ್ನು ಪಕ್ಕಕ್ಕೆ ಎಳೆದುಕೊಳ್ಳುವ ಹಿರಿಯರು ಆ ಮದ್ದಿನ ಗುಣವನ್ನು ತಾವೇ ಕಂಡುಕೊಂಡಾರು.